ಕಾಗದ ಮೊದಲು, ಸ್ಟ್ಯಾಂಪ್ ಕೊನೆಗೆ: ಕಾಸರಗೋಡಿನ ಹವೆಯಲ್ಲಿ ಶುಭಾಶಯ ಪತ್ರಕ್ಕೆ ಸಾಮಾನು ಆಯುವ ಬಗೆ

ಕೈಯಿಂದ ಶುಭಾಶಯ ಪತ್ರ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಶಾಯಿ ಹಚ್ಚಿ ಚಿತ್ರ ಒತ್ತುವ ಸ್ಟ್ಯಾಂಪನ್ನು. ಹೂವಿನದ್ದೋ ಹಕ್ಕಿಯದ್ದೋ ಚಂದದ ಸೆಟ್ ಕಣ್ಣಿಗೆ ಬೀಳುತ್ತದೆ, ತರಿಸುತ್ತಾರೆ. ಆಮೇಲೆ ಅಂಗಡಿಯಲ್ಲಿ ಸಿಕ್ಕಿದ ಇಂಕ್ ಪ್ಯಾಡ್, ಮನೆಯಲ್ಲಿದ್ದ ಕಾಗದ. ಮುದ್ರೆ ಹರಡಿತು, ಒರಸಿಹೋಯಿತು, ಮಡಿಕೆಯಲ್ಲಿ ಕಾಗದ ಬಿರಿಯಿತು ಎಂದಾಗ ಸ್ಟ್ಯಾಂಪೇ ಸರಿಯಿಲ್ಲವೆಂದು ಇನ್ನೊಂದು ಸೆಟ್ ಬರುತ್ತದೆ. ಆದರೆ ಹೆಚ್ಚಿನ ಸಲ ದೋಷವಿರುವುದು ಕಾಗದ ಮತ್ತು ಶಾಯಿಯ ಜೋಡಿಯಲ್ಲಿ. ಅವೆರಡು ಹೊಂದಿಕೊಂಡರೆ ಬೆಂಡೆಕಾಯಿ ಅದ್ದಿ ಒತ್ತಿದರೂ ಕಾರ್ಡು ಚಂದ ಬರುತ್ತದೆ. ಹೊಂದದಿದ್ದರೆ ಎಷ್ಟು ಬೆಲೆಯ ಸ್ಟ್ಯಾಂಪ್ ತಂದರೂ ಸುಖವಿಲ್ಲ.

ಮಂಜೇಶ್ವರದಿಂದ ಕಾಸರಗೋಡಿನವರೆಗೆ, ಒಳಗೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಈ ಮಾತಿಗೆ ಇನ್ನಷ್ಟು ತೂಕವಿದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಾಡಿದು. ಅಷ್ಟಮಿ, ಚೌತಿ, ಓಣಂ ಹಬ್ಬಗಳ ಕಾರ್ಡನ್ನು ಮಾಡಬೇಕಾದದ್ದು ಆಟಿ-ಸೋಣದ (ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ) ಚಂಡಿ, ಅಂದರೆ ಒದ್ದೆ ಹವೆಯಲ್ಲಿ, ಹಗ್ಗದ ಮೇಲಿನ ಬಟ್ಟೆಯೇ ಒಣಗದ ದಿನಗಳಲ್ಲಿ. ಕ್ರಿಸ್ಮಸ್ ಮತ್ತು ಹೊಸ ವರ್ಷದ ಕಾರ್ಡಿಗೆ ಒಣ ಹವೆ ಸಿಗುತ್ತದೆ. ವಿಷುವಿನ ಕಾರ್ಡು ಮಾಡುವಾಗ ಅಂಗೈ ಬೆವರು ಕಾಗದಕ್ಕೆ ಇಳಿಯುತ್ತದೆ. ಒಣ ಊರಿನವರು ಮಾಡಿ ತೋರಿಸಿದ ವಿಡಿಯೋದಲ್ಲಿ ಐದು ನಿಮಿಷಕ್ಕೆ ಒಣಗಿದ ಶಾಯಿ ಇಲ್ಲಿ ಮರುದಿನ ಬೆಳಿಗ್ಗೆಯೂ ಬೆರಳಿಗೆ ಹತ್ತುವುದುಂಟು.

ತಳದ ಕಾಗದ

ಕಾರ್ಡಿನ ಮೈಗೆ 250ರಿಂದ 300 ಜಿಎಸ್‌ಎಂ ದಪ್ಪದ ಕಾಗದ ಬೇಕು. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕವದು. ಪ್ರಿಂಟರಿಗೆ ಹಾಕುವ ಎ4 ಕಾಗದ 70ರಿಂದ 80 ಜಿಎಸ್‌ಎಂ ಇರುತ್ತದೆ. ಶಾಲೆಯ ಚಾರ್ಟ್ ಪೇಪರ್ ಕೈಗೆ ಗಟ್ಟಿಯಾಗಿ ಕಂಡರೂ ಮಡಿಸಿ ನಿಲ್ಲಿಸಿದಾಗ ಸಾಲುವುದಿಲ್ಲ. ಮಳೆಗಾಲದಲ್ಲಿ ಬೇಗ ಬಾಗಿಬಿಡುತ್ತದೆ. ಅದನ್ನು ಮೇಲಿನ ಪದರಕ್ಕೆ ಇಟ್ಟುಕೊಳ್ಳಿ.

ನಮ್ಮ ಊರುಗಳಲ್ಲಿ ಸುಲಭಕ್ಕೆ ಸಿಗುವ ಒಳ್ಳೆಯ ತಳವೆಂದರೆ ಐವರಿ ಬೋರ್ಡ್. ಮದುವೆ ಕಾಗದ, ವಿಸಿಟಿಂಗ್ ಕಾರ್ಡ್ ಅಚ್ಚು ಹಾಕುವ ಪ್ರೆಸ್ಸುಗಳಲ್ಲಿ ಇದು ಇದ್ದೇ ಇರುತ್ತದೆ. ಕತ್ತರಿಸಿ ಉಳಿದ ಅಂಚುಗಳನ್ನು ಕೇಳಿದರೆ ಕಡಿಮೆ ಬೆಲೆಗೆ ಕೊಡುತ್ತಾರೆ. ಕೇಳುವಾಗ ಲೇಪನ ಇಲ್ಲದ್ದು ಬೇಕೆಂದು ಸ್ಪಷ್ಟವಾಗಿ ಹೇಳಿ. ಹೊಳಪಿನ ಆರ್ಟ್ ಕಾರ್ಡಿನ ಮೈಮೇಲೆ ಸುಣ್ಣದ ಅಥವಾ ಜೇಡಿಯ ಲೇಪನವಿರುತ್ತದೆ, ಮ್ಯಾಟ್ ಎಂದು ಮಾರುವುದರಲ್ಲೂ ಇರುತ್ತದೆ. ಶಾಯಿ ಅದರೊಳಗೆ ಇಳಿಯಲು ದಾರಿಯಿಲ್ಲ. ಮೂಲೆಗೆ ಒಂದು ಹನಿ ನೀರು ಬಿಟ್ಟು ನೋಡಿ: ಲೇಪನವಿದ್ದರೆ ಹನಿ ಗುಂಡಗೆ ನಿಲ್ಲುತ್ತದೆ, ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಇಳಿದು ಕಪ್ಪಗಾಗುತ್ತದೆ. ತೀರ ಬೇಗ, ಬಿಟ್ಟ ಕೂಡಲೇ ಹೀರಿದರೆ ಆ ಕಾಗದದಲ್ಲಿ ಅಂಟಿನ ಪ್ರಮಾಣ ಕಡಿಮೆಯೆಂದು ಅರ್ಥ. ಅಲ್ಲಿ ಶಾಯಿ ನಾರುಗುಂಟ ಹರಿದು ಅಂಚು ಕೂದಲು ಕೂದಲಾಗಿ ಬರುತ್ತದೆ.

ಕೈಕಾಗದಕ್ಕೆ ಈ ತೊಂದರೆ ಹೆಚ್ಚು. ಜೈಪುರದ ಬಳಿಯ ಸಾಂಗಾನೇರಿನಿಂದ, ಪುದುಚೇರಿಯಿಂದ ಬರುವ ಹತ್ತಿಬಟ್ಟೆಯ ಕಾಗದ ನೋಡಲು ಅಷ್ಟು ಚಂದ, ಮುಟ್ಟಲು ಇನ್ನೂ ಚಂದ. ಆದರೆ ಮೇಲ್ಮೈ ಉಬ್ಬುತಗ್ಗಾದ್ದರಿಂದ ಸಣ್ಣ ಗೆರೆಯ ಸ್ಟ್ಯಾಂಪ್ ಅಲ್ಲಲ್ಲಿ ಬಿಟ್ಟುಹೋಗುತ್ತದೆ. ಅದನ್ನು ತಳಕ್ಕೆ ಬಳಸಿ, ಮುದ್ರೆಯನ್ನು ನಯವಾದ ಐವರಿಯ ತುಂಡಿನ ಮೇಲೆ ಒತ್ತಿ ಅಂಟಿಸಿದರೆ ಎರಡರ ಗುಣವೂ ಉಳಿಯುತ್ತದೆ. ನೇರವಾಗಿ ಒತ್ತಲೇಬೇಕೆಂದರೆ ದಪ್ಪ ಆಕೃತಿಯ ಮರದಚ್ಚು ಸರಿ. ಜಲವರ್ಣದ ಕಾಗದದಲ್ಲೂ ಇದೇ ವ್ಯತ್ಯಾಸ: ತರಿತರಿಯಾದ ಕೋಲ್ಡ್ ಪ್ರೆಸ್ಡ್ ಮೇಲೆ ಮುದ್ರೆ ಒಡೆಯುತ್ತದೆ, ನಯವಾದ ಹಾಟ್ ಪ್ರೆಸ್ಡ್ ಮೇಲೆ ಚೆನ್ನಾಗಿ ಕೂರುತ್ತದೆ. ಕಂದು ಬಣ್ಣದ ಕ್ರಾಫ್ಟ್ ಕಾಗದ ಚೆನ್ನಾಗಿ ಹೀರುತ್ತದೆ, ಅಗ್ಗ; ಅದರ ಮೇಲೆ ಕಪ್ಪು ಮತ್ತು ಬಿಳಿ ಬಿಟ್ಟು ಬೇರೆ ಬಣ್ಣ ಮಂಕಾಗುತ್ತದೆ ಎಂಬುದು ನೆನಪಿರಲಿ.

ಮಡಿಕೆ ಬಿರಿಯುವುದಕ್ಕೆ ಕಾರಣ ನಾರಿನ ದಿಕ್ಕು. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ಕಡೆಗೆ ಮಲಗಿರುತ್ತವೆ. ಆ ದಿಕ್ಕಿಗೆ ಸಮನಾಗಿ ಮಡಿಸಿದರೆ ಗೆರೆ ಹೊಡೆದಂತೆ ಮಡಿಯುತ್ತದೆ, ಅಡ್ಡ ಮಡಿಸಿದರೆ ಮೇಲ್ಪದರ ಸೀಳುತ್ತದೆ. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಗ್ಗಿಸಿ ನೋಡಿ. ಸುಲಭವಾಗಿ ಬಗ್ಗಿದ ಕಡೆ ಮಡಿಕೆ ಬರಬೇಕು. ಎ4 ಹಾಳೆಗಳಲ್ಲಿ ಹೆಚ್ಚಿನವಕ್ಕೆ ನಾರು ಉದ್ದುದ್ದಕ್ಕೆ ಇರುತ್ತದೆ. ಅಂಥ ಹಾಳೆಯನ್ನು ನಡುವೆ ಅಡ್ಡ ಕತ್ತರಿಸಿ ಎರಡು ಎ5 ಮಾಡಿ, ಒಂದೊಂದನ್ನೂ 105 × 148 ಮಿ.ಮೀ.ಗೆ ಪುಸ್ತಕದ ಹಾಗೆ ಬದಿಗೆ ಮಡಿಸಿದರೆ ಮಡಿಕೆ ನಾರಿನ ಜೊತೆಗೇ ಹೋಗುತ್ತದೆ. ಅದೇ ಎ4 ಅನ್ನು ಉದ್ದಕ್ಕೆ ಸೀಳಿ, ಪಟ್ಟಿಗಳನ್ನು ಮೇಲಿನಿಂದ ಕೆಳಗೆ ಡೇರೆಯಾಗಿ ಮಡಿಸಿದರೆ ಮಡಿಕೆ ನಾರಿಗೆ ಅಡ್ಡ ಬಿದ್ದು ಬಿರಿಯುತ್ತದೆ. ಅಳತೆ ಎರಡರದ್ದೂ ಒಂದೇ. ಡೇರೆಯ ಕಾರ್ಡೇ ಬೇಕೆಂದರೆ ದೊಡ್ಡ ಹಾಳೆ ತಂದು ನಾರು ನೋಡಿ ಕತ್ತರಿಸಿಕೊಳ್ಳಿ.

ಮಡಿಸುವ ಮೊದಲು ಉಕ್ಕಿನ ಸ್ಕೇಲಿಟ್ಟು ಶಾಯಿ ಮುಗಿದ ಬಾಲ್ ಪೆನ್ನಿನಿಂದ ಎರಡು ಸಲ ಗೆರೆ ಎಳೆಯಿರಿ. ಕೆಳಗೆ ಹಳೆಯ ಪುಸ್ತಕವೋ ನಾಲ್ಕು ಪದರ ಪತ್ರಿಕೆಯೋ ಇರಲಿ, ಗೆರೆ ಇಳಿಯಲು ಮೆತ್ತೆ ಬೇಕು. ಗೆರೆ ತಗ್ಗಾದ ಮುಖ ಕಾರ್ಡಿನ ಹೊರಗೆ ಬರಬೇಕು, ಹಿಂದೆ ಉಬ್ಬಿದ ಭಾಗ ಒಳಗೆ. ಇದನ್ನು ತಿರುಗಮುರುಗ ಮಾಡುವವರೇ ಹೆಚ್ಚು, ಆದ್ದರಿಂದಲೇ ಒಳ್ಳೆಯ ಕಾಗದವೂ ಅವರ ಕೈಯಲ್ಲಿ ಬಿರಿಯುತ್ತದೆ.

ಶಾಯಿ

ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗುವುದು ಕಚೇರಿಯ ನೇರಳೆ ಸ್ಟ್ಯಾಂಪ್ ಪ್ಯಾಡ್. ಅಗ್ಗ, ಮುಗಿದರೆ ಬಾಟಲಿಯಿಂದ ಶಾಯಿ ಹಾಕಿಕೊಳ್ಳಬಹುದು. ಶುಭಾಶಯ ಪತ್ರಕ್ಕೆ ಮಾತ್ರ ಅದು ಬೇಡ. ಪ್ಯಾಡ್ ತೆರೆದಿಟ್ಟರೂ ಒಣಗದಿರಲೆಂದು ಆ ಶಾಯಿಗೆ ಗ್ಲಿಸರಿನ್, ಗ್ಲೈಕಾಲ್ ಬೆರೆಸಿರುತ್ತಾರೆ. ಗ್ಲಿಸರಿನ್ ಗಾಳಿಯ ಪಸೆಯನ್ನು ಎಳೆದುಕೊಳ್ಳುವ ವಸ್ತು. ರಶೀದಿಯ ಹಗುರ ಕಾಗದ ಅದನ್ನು ಹೀರಿಕೊಳ್ಳುವುದರಿಂದ ಅಲ್ಲಿ ತೊಂದರೆ ಕಾಣುವುದಿಲ್ಲ. ನಯವಾದ ಬೋರ್ಡಿನ ಮೇಲೆ, ಜುಲೈ ತಿಂಗಳಲ್ಲಿ, ಅದು ಅಂಟಂಟಾಗಿಯೇ ಉಳಿದು ಎದುರಿನ ಪುಟಕ್ಕೆ ನೆರಳು ಬೀಳಿಸುತ್ತದೆ. ಒಂದು ಹನಿ ಮಳೆನೀರು ತಾಗಿದರೆ ನೇರಳೆ ಹರಿಯುತ್ತದೆ.

ಕೈಕೆಲಸದ ಶಾಯಿಗಳಲ್ಲಿ ಮುಖ್ಯ ಆಯ್ಕೆ ಡೈ ಮತ್ತು ಪಿಗ್ಮೆಂಟ್ ನಡುವೆ. ಡೈ ಶಾಯಿಯಲ್ಲಿ ಬಣ್ಣ ದ್ರವದಲ್ಲಿ ಪೂರ್ತಿ ಕರಗಿರುತ್ತದೆ. ಅದು ಕಾಗದದೊಳಗೆ ಇಳಿಯುತ್ತದೆ, ಬೇಗ ಒಣಗುತ್ತದೆ, ಕೆಳಗಿನ ಬಣ್ಣ ಅದರ ಮೂಲಕ ಕಾಣುತ್ತದೆ, ಬಿಸಿಲಿಗಿಟ್ಟರೆ ಕಾಲಾನಂತರ ಮಾಸುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಸೂಕ್ಷ್ಮ ಕಣಗಳು ತೇಲುತ್ತಿರುತ್ತವೆ. ಅವು ಕಾಗದದ ಮೇಲೆಯೇ ಕೂರುತ್ತವೆ. ಬಣ್ಣ ತುಂಬಿಕೊಂಡು ಬರುತ್ತದೆ, ಬೆಳಕಿಗೆ ತಡೆಯುತ್ತದೆ, ಕಪ್ಪು ಕಾಗದದ ಮೇಲೆ ಬಿಳಿ ಅಥವಾ ಚಿನ್ನದ ಬಣ್ಣ ಒತ್ತಬೇಕೆಂದರೆ ಇದೇ ಬೇಕು. ಆದರೆ ಒಣಗುವುದು ನಿಧಾನ. ಲೇಪನವಿರುವ ಕಾಗದದ ಮೇಲಂತೂ ಬಿಸಿ ಕೊಡದೆ ಒಣಗುವುದೇ ಇಲ್ಲ.

ಮಳೆಗಾಲಕ್ಕೆ ನಮ್ಮ ತೀರ್ಮಾನ ಇಷ್ಟು: ಐವರಿ ಬೋರ್ಡ್ ಜೊತೆಗೆ ಡೈ ಶಾಯಿ. ಪಿಗ್ಮೆಂಟ್ ಬಳಸುವುದಾದರೆ ಎಂಬೋಸಿಂಗ್ ಪುಡಿ (ಬಿಸಿಗೆ ಕರಗಿ ಮುದ್ರೆಯನ್ನು ಉಬ್ಬಿಸಿ ಗಟ್ಟಿಯಾಗುವ ಪುಡಿ) ಹಾಕಿ ಕಾಯಿಸಿ ಮುಗಿಸಿ, ಇಲ್ಲವೆ ರಾತ್ರಿಯಿಡೀ ಫ್ಯಾನಿನ ಕೆಳಗೆ ಬಿಡಿಬಿಡಿಯಾಗಿ ಹರಡಿ. ಒಣಗಿತೇ ಎಂದು ಬೆರಳಲ್ಲಿ ನೋಡಬೇಡಿ. ಟಿಶ್ಯೂ ಕಾಗದದ ತುಂಡನ್ನು ಮುದ್ರೆಯ ಮೂಲೆಗೆ ಒತ್ತಿ ಎತ್ತಿ, ಬಣ್ಣ ಹತ್ತದಿದ್ದರೆ ಮಾತ್ರ ಒಟ್ಟಿ ಇಡಿ. ಡಿಸೆಂಬರಿನ ಒಣ ಹವೆಯಲ್ಲಿ ಈ ಕಟ್ಟುನಿಟ್ಟು ಬೇಡ, ಪಿಗ್ಮೆಂಟಿನ ತುಂಬು ಬಣ್ಣವನ್ನು ಆಗ ಧಾರಾಳವಾಗಿ ಬಳಸಿ.

ಮುದ್ರೆಯ ಒಳಗೆ ಬಣ್ಣ ತುಂಬುವವರು ಗೆರೆಯ ಶಾಯಿಯನ್ನು ಬಣ್ಣಕ್ಕೆ ತಕ್ಕಂತೆ ಆಯಬೇಕು. ಜಲವರ್ಣ ಅಥವಾ ಮಕ್ಕಳ ಸ್ಕೆಚ್ ಪೆನ್ ನೀರಿನವು. ಸಾಮಾನ್ಯ ಡೈ ಗೆರೆ ಅದರೊಡನೆ ಕರಗಿ ಹೂವಿನ ಹಳದಿಯನ್ನು ಕೊಳಕು ಮಾಡುತ್ತದೆ. ಅಲ್ಲಿ ರೇಂಜರ್ ಕಂಪನಿಯ ಆರ್ಕೈವಲ್‌ನಂಥ ನೀರಿಗೆ ಜಗ್ಗದ ಶಾಯಿ ಬೇಕು. ಆಲ್ಕೋಹಾಲ್ ಮಾರ್ಕರಿಗೆ ಲೆಕ್ಕ ತಿರುಗುತ್ತದೆ: ಆರ್ಕೈವಲ್ ಶಾಯಿ, ಜೊತೆಗೆ ಸ್ಟೇಜ಼್‌ಆನ್‌ನಂಥ ಸಾಲ್ವೆಂಟ್ (ನೀರಿನ ಬದಲು ಬೇಗ ಆರುವ ದ್ರಾವಕದ) ಶಾಯಿಗಳು ಮಾರ್ಕರಿನ ಆಲ್ಕೋಹಾಲಿಗೆ ಬಿಟ್ಟುಕೊಳ್ಳುತ್ತವೆ, ಮೆಮೆಂಟೋದಂಥ ಡೈ ಶಾಯಿ ನಿಲ್ಲುತ್ತದೆ. ಬಣ್ಣದ ಪೆನ್ಸಿಲಿಗೆ ಯಾವ ಶಾಯಿಯಾದರೂ ನಡೆಯುತ್ತದೆ; ಹೊಸಬರು ಅದರಿಂದಲೇ ಆರಂಭಿಸುವುದು ಲೇಸು. ಸಾಲ್ವೆಂಟ್ ಶಾಯಿಯ ನಿಜವಾದ ಜಾಗ ಪ್ಲಾಸ್ಟಿಕ್, ಗಾಜು, ಲೋಹ ಮತ್ತು ಹೊಳಪಿನ ಆರ್ಟ್ ಕಾರ್ಡ್. ಕಿಟಕಿ ತೆರೆದು ಬಳಸಿ.

ಪ್ಯಾಡಿನ ರೂಪವನ್ನೂ ನೋಡಿ. ಪೆಟ್ಟಿಗೆಯ ಅಂಚಿಗಿಂತ ಮೇಲೆದ್ದು ನಿಂತ ಪ್ಯಾಡಾದರೆ ಅದನ್ನೇ ಹಿಡಿದು ದೊಡ್ಡ ಸ್ಟ್ಯಾಂಪಿನ ಮೇಲೆ ಮೆಲ್ಲಗೆ ತಟ್ಟಬಹುದು. ತಗ್ಗಿನಲ್ಲಿ ಕುಳಿತ ಪ್ಯಾಡಿಗೆ ಅದಕ್ಕಿಂತ ಸಣ್ಣ ಸ್ಟ್ಯಾಂಪಷ್ಟೇ ಇಳಿಯುತ್ತದೆ. ಸ್ಪಂಜಿನ ಪ್ಯಾಡುಗಳನ್ನು ಕವುಚಿ ಇಟ್ಟರೆ ಶಾಯಿ ಮೇಲ್ಮೈಯ ಬಳಿಯೇ ಇರುತ್ತದೆ. ಆರಂಭಕ್ಕೆ ಕಪ್ಪು ದೊಡ್ಡದೊಂದು ಸಾಕು, ಉಳಿದ ಮೂರು ನಾಲ್ಕು ಬಣ್ಣಗಳನ್ನು ಒಂದಿಂಚಿನ ಸಣ್ಣ ಪ್ಯಾಡಿನಲ್ಲಿ ತೆಗೆದುಕೊಳ್ಳಿ.

ಸ್ಟ್ಯಾಂಪ್

ಮರದ ಹಿಡಿಯ ಕೆಂಪು ರಬ್ಬರ್ ಮತ್ತು ಗಾಜಿನಂತೆ ಕಾಣುವ ಪಾರದರ್ಶಕ ಸ್ಟ್ಯಾಂಪ್, ಹೆಚ್ಚಿನವರ ಗೊಂದಲ ಈ ಎರಡರ ನಡುವೆ. ರಬ್ಬರಿನ ಕೆಳಗೆ ಮೆತ್ತೆ ಇರುತ್ತದೆ, ಗೆರೆ ಹರಿತ, ಯಾವ ಶಾಯಿಗೂ ತಡೆಯುತ್ತದೆ, ಚೆನ್ನಾಗಿಟ್ಟರೆ ಬಹಳ ವರ್ಷ ಬಾಳುತ್ತದೆ. ಎಲ್ಲಿ ಒತ್ತುತ್ತಿದ್ದೇವೆಂದು ಕಾಣುವುದಿಲ್ಲ, ಜಾಗ ತಿನ್ನುತ್ತದೆ, ಬೆಲೆ ಹೆಚ್ಚು. ಪಾರದರ್ಶಕವನ್ನು ಅಕ್ರಿಲಿಕ್ ಹಲಗೆಗೆ ಅಂಟಿಸಿ ಒತ್ತಬೇಕು, ಕೆಳಗಿನ ಕಾಗದ ಕಾಣುವುದರಿಂದ ಸಾಲು ಸೊಟ್ಟಗಾಗುವುದಿಲ್ಲ. ಒಂದು ಹಲಗೆಗೆ ಹತ್ತು ಸ್ಟ್ಯಾಂಪ್ ಬದಲಿಸಬಹುದು. ಒಂದೇ ಕಾರ್ಡಿನಲ್ಲಿ ಕನ್ನಡದ ಸಾಲು, ಕೆಳಗೆ ಮಲಯಾಳದ ಸಾಲು ಸರಿಯಾಗಿ ಕೂರಬೇಕಾದ ಕಾಸರಗೋಡಿನ ಮನೆಗಳಿಗೆ ಇದು ಅನುಕೂಲ. ಹೊಸಬರಿಗೂ ನಾವು ಹೇಳುವುದು ಪಾರದರ್ಶಕವನ್ನೇ.

ಆದರೆ ಅದರಲ್ಲೂ ಎರಡು ಜಾತಿ. ಫೋಟೋಪಾಲಿಮರ್ ಒಳ್ಳೆಯದು. ಸಿಲಿಕೋನಿನ ಅಗ್ಗದ ಸೆಟ್ಟುಗಳ ಮೇಲೆ ಡೈ ಶಾಯಿ ಹರಡದೆ ಹನಿಹನಿಯಾಗಿ ಕೂರುತ್ತದೆ, ಮುದ್ರೆ ಚುಕ್ಕೆಚುಕ್ಕೆಯಾಗುತ್ತದೆ. ಇದಕ್ಕೆ ಪಿಗ್ಮೆಂಟ್ ಶಾಯಿ ಹೆಚ್ಚು ಹೊಂದುತ್ತದೆ. ಯಾವ ಹೊಸ ಪಾರದರ್ಶಕ ಸ್ಟ್ಯಾಂಪಾದರೂ ಮೇಲೆ ಅಚ್ಚಿನ ಎಣ್ಣೆಯ ಜಿಡ್ಡಿರುತ್ತದೆ. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಮೇಲ್ಮೈಯನ್ನು ಹಗುರವಾಗಿ ಉಜ್ಜಿ, ಸಾಬೂನು ನೀರಿನಲ್ಲಿ ತೊಳೆದು ಆರಿಸಿ. ಮೊದಲ ನಾಲ್ಕು ಮುದ್ರೆ ಹಾಳೆಂದು ಎಸೆಯುವ ಬದಲು ಇದನ್ನು ಮಾಡಿ ನೋಡಿ. ಹಲಗೆಗೆ ಅಂಟದೆ ಬೀಳತೊಡಗಿದರೂ ಇದೇ ಸಾಬೂನು ನೀರಿನ ಮದ್ದು. ಇದರ ಕೆಳಗೆ ಮೆತ್ತೆ ಇಲ್ಲದ್ದರಿಂದ ಕಾಗದದ ಅಡಿಗೆ ಮೌಸ್ ಪ್ಯಾಡ್ ಹಾಕಿ. ಸಾಲ್ವೆಂಟ್ ಶಾಯಿಯನ್ನು ಇದಕ್ಕೆ ತಾಗಿಸಬೇಡಿ, ಮತ್ತೆ ಮತ್ತೆ ಬಳಸಿದರೆ ಮೇಲ್ಮೈ ಹಾಳಾಗುತ್ತದೆ. ಬಿಸಿಲಲ್ಲಿಟ್ಟರೆ ಹಳದಿಯಾಗುತ್ತದೆ, ಹಳದಿಯಾದ ಮಾತ್ರಕ್ಕೆ ಕೆಲಸಕ್ಕೆ ಬಾರದೆಂದಲ್ಲ.

ಒತ್ತುವಾಗ ಅಲ್ಲಾಡಿಸದೆ ನೇರ ಇಳಿಸಿ, ಅಂಗೈಯಿಂದ ಎಲ್ಲ ಕಡೆ ಸಮ ಒತ್ತಡ ಕೊಟ್ಟು ನೇರ ಎತ್ತಿ. ಹಿಂದೆ ಮುಂದೆ ತೂಗಿಸಿದರೆ ಸ್ಟ್ಯಾಂಪಿನ ಅಂಚು ಕಾಗದಕ್ಕೆ ತಾಗಿ ಸುತ್ತ ಕೊಳೆಗೆರೆ ಮೂಡುತ್ತದೆ.

ಬಟ್ಟೆಗೆ ಬಣ್ಣ ಒತ್ತುವ ಮರದಚ್ಚು ಕೂಡ ಕಾರ್ಡಿಗೆ ಒದಗುತ್ತದೆ, ಅದರ ಗಡಸುತನಕ್ಕೆ ತಕ್ಕ ಮೆತ್ತೆ ಕೊಟ್ಟರೆ. ಕಂಬಳಿಯ ಎರಡು ಪದರದ ಮೇಲೆ ಕಾಗದವಿಟ್ಟು, ಅಚ್ಚಿಗೆ ಸ್ಪಂಜಿನಿಂದ ಪಿಗ್ಮೆಂಟ್ ಶಾಯಿ ಅಥವಾ ತೆಳು ಮಾಡದ ಅಕ್ರಿಲಿಕ್ ಬಣ್ಣ ತಟ್ಟಿ ಒತ್ತಿ. ಅಕ್ರಿಲಿಕ್ ಒಣಗುವ ಮೊದಲೇ ಹಳೆಯ ಟೂತ್ ಬ್ರಶ್ಶಿನಿಂದ ತೊಳೆಯದಿದ್ದರೆ ಕೆತ್ತನೆಯ ಸಂದು ಮುಚ್ಚಿಹೋಗುತ್ತದೆ. ತೊಳೆದ ಅಚ್ಚನ್ನು ನೆರಳಲ್ಲಿ ಪೂರ್ತಿ ಒಣಗಿಸಿ, ಇಲ್ಲವಾದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಮಕ್ಕಳ ಜೊತೆ ಮಾಡುವುದಾದರೆ ತೋಟವೇ ಸಾಕು. ಬೆಂಡೆಯನ್ನು ಅಡ್ಡ ಕೊಯ್ದರೆ ಐದೆಸಳಿನ ಹೂ. ಬಾಳೆಎಲೆಯ ದಿಂಡನ್ನು ಅಡ್ಡ ಕೊಯ್ದರೆ ಅರ್ಧಚಂದ್ರದೊಳಗೆ ಜಾಲರಿ. ಕೊಯ್ದ ಮುಖವನ್ನು ಟಿಶ್ಯೂಗೆ ಒತ್ತಿ ನೀರು ತೆಗೆದ ಮೇಲೆಯೇ ಬಣ್ಣಕ್ಕೆ ಅದ್ದಿ. ಬಾಳೆಯ ಸೊನೆ ಕಂದು ಕಲೆಯಾಗಿ ನಿಲ್ಲುವುದರಿಂದ ಬಿಳಿ ಕಾಗದಕ್ಕೆ ಅದರ ನೀರು ತಾಗಬಾರದು.

ಕನ್ನಡ ಅಕ್ಷರಕ್ಕೆ ಏನು ಮಾಡುವುದು

ಅಂಗಡಿಯ ಸೆಟ್ಟುಗಳಲ್ಲಿ ಬರುವ ಹಾರೈಕೆ ಇಂಗ್ಲಿಷಿನದ್ದು. ಕನ್ನಡ ಬೇಕಾದವರಿಗೆ ಮೂರು ದಾರಿಗಳಿವೆ: ಪೇಟೆಯ ರಬ್ಬರ್ ಸ್ಟ್ಯಾಂಪ್ ಅಂಗಡಿಯಲ್ಲಿ ಮಾಡಿಸುವುದು, ತಾವೇ ರಬ್ಬರ್ ಕೆತ್ತುವುದು, ಕೈಯಿಂದ ಬರೆಯುವುದು.

ಮಾಡಿಸುವುದಾದರೆ ಅಕ್ಷರದ ಕಡತವನ್ನು ನೀವೇ ಕೊಡಿ. ಗಡಿಯ ಅಂಗಡಿಗಳಲ್ಲಿ ಮಲಯಾಳ ಮತ್ತು ಇಂಗ್ಲಿಷ್ ಟೈಪಿಂಗ್ ರೂಢಿ. ವಿನ್ಯಾಸದ ಹಳೆಯ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುವುದಿಲ್ಲ. ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದು ಕೂರುತ್ತದೆ. ಮನೆಯಲ್ಲೇ ಟೈಪ್ ಮಾಡಿ ಪಿಡಿಎಫ್ ಮಾಡಿಕೊಂಡು ಹೋಗಿ, ಒತ್ತುವ ಮೊದಲು ಮಾದರಿಯನ್ನು ಕಾಗದದ ಮೇಲೆ ಓದಿ ನೋಡಿ. ನುಡಿ ಅಥವಾ ಬರಹದ ಹಳೆಯ ಮಾದರಿಯ ಫಾಂಟಾದರೆ ಫಾಂಟಿನ ಕಡತವನ್ನೂ ಜೊತೆಗೆ ಒಯ್ಯಿರಿ.

ಕನ್ನಡದ ಲಿಪಿ ದುಂಡು, ಒಳಗೆ ಸಣ್ಣ ಸಣ್ಣ ಕಣ್ಣುಗಳಿರುತ್ತವೆ. ಅಕ್ಷರ ಕಿರಿದಾದರೆ ಈ ಕಣ್ಣುಗಳಲ್ಲಿ ಶಾಯಿ ತುಂಬಿ ಮುಚ್ಚಿಹೋಗುತ್ತವೆ. ಒತ್ತಿಲ್ಲದ ‘ಶುಭಾಶಯ’, ‘ಯುಗಾದಿ’, ‘ವಿಷು’ ಇವುಗಳನ್ನು 6 ಮಿ.ಮೀ. ಎತ್ತರಕ್ಕೂ ಮಾಡಿಸಬಹುದು. ‘ಹುಟ್ಟುಹಬ್ಬ’, ‘ಕ್ರಿಸ್ಮಸ್’ ಎಂದರೆ ಒತ್ತು ಕೆಳಗಿಳಿಯುವುದರಿಂದ ಸಾಲಿಗೆ ಒಟ್ಟು 10 ಮಿ.ಮೀ. ಆದರೂ ಬೇಕು, ಮುಖ್ಯ ಅಕ್ಷರ 7 ಮಿ.ಮೀ.ಗೆ ಕಡಿಮೆಯಾಗದಿರಲಿ. ತೀರ ದಪ್ಪನೆಯ ಫಾಂಟೂ ಬೇಡ, ತೀರ ತೆಳುವೂ ಬೇಡ. ದಪ್ಪದ್ದರಲ್ಲಿ ಕಣ್ಣು ಮುಚ್ಚುತ್ತದೆ, ತೆಳುವಿನಲ್ಲಿ ತಲೆಕಟ್ಟು ಹರಿದು ಬರುತ್ತದೆ. ಎರಡು ಸಾಲಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಜಾಗ ಬಿಡಿಸಿ. ಕಚೇರಿಗಳಲ್ಲಿ ಬಳಸುವ, ತನ್ನೊಳಗೇ ಶಾಯಿಯಿರುವ ಸ್ಟ್ಯಾಂಪಿನಲ್ಲಿ ಮಾಡಿಸಬೇಡಿ. ಬಣ್ಣ ಬದಲಿಸಲಾಗುವುದಿಲ್ಲ, ಎಂಬೋಸಿಂಗ್ ಆಗುವುದಿಲ್ಲ. ಬರಿಯ ರಬ್ಬರ್ ಅಥವಾ ಪಾಲಿಮರ್ ಪದರವನ್ನೇ ಕೇಳಿ.

ಕೆತ್ತುವುದಕ್ಕೆ ದೊಡ್ಡ ಬಿಳಿ ರಬ್ಬರ್, ಸಣ್ಣ ಕಟ್ಟರ್ ಸಾಕು. ಅಕ್ಷರವನ್ನು ಬಟರ್ ಪೇಪರಿನ ಮೇಲೆ ಮೆತ್ತನೆಯ 4ಬಿ ಪೆನ್ಸಿಲಿನಿಂದ ನೇರವಾಗಿ ಬರೆಯಿರಿ. ಬರೆದ ಮುಖವನ್ನು ರಬ್ಬರಿಗೆ ಕವುಚಿ ಚಮಚದ ಬೆನ್ನಿನಿಂದ ಉಜ್ಜಿದರೆ ಅಕ್ಷರ ತಿರುಗಿ ಮೂಡುತ್ತದೆ, ಒತ್ತಿದಾಗ ನೇರ ಬರುತ್ತದೆ. ಅಲಗನ್ನು ಗೆರೆಯಿಂದ ಹೊರಮುಖವಾಗಿ ಓರೆ ಹಿಡಿದು ಕೊಯ್ಯಿರಿ. ಗೆರೆಯ ಬುಡ ಅಗಲವಾಗಿ ಉಳಿದರೆ ಒತ್ತುವಾಗ ಮಾಲುವುದಿಲ್ಲ. ಆದರೆ ಕೆತ್ತನೆಗೆ ಒಂದೋ ಎರಡೋ ದೊಡ್ಡ ಅಕ್ಷರವಷ್ಟೇ ಸರಿ, ಪೂರ್ತಿ ಸಾಲಿಗೆ ಕೈ ಹಾಕಬೇಡಿ. ಕೆತ್ತಿದ ರಬ್ಬರನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೇರ ಇಟ್ಟರೆ ಎರಡೂ ಕರಗಿ ಅಂಟಿಕೊಳ್ಳಬಹುದು, ಕಾಗದದಲ್ಲಿ ಸುತ್ತಿ. ನಿಮ್ಮ ಅಕ್ಷರ ದುಂಡಗಿದ್ದರೆ, ಹತ್ತಿಪ್ಪತ್ತು ಕಾರ್ಡಿಗೆ ಕೈಬರಹಕ್ಕಿಂತ ಮೇಲಾದದ್ದಿಲ್ಲ.

ಚಿತ್ತಾರದ ಕಾಗದ: ಕೊಳ್ಳುವುದೇ, ಒತ್ತಿಕೊಳ್ಳುವುದೇ

ಚಿತ್ತಾರದ ಕಾಗದ 12 ಇಂಚು ಚೌಕದ ಹಾಳೆಯಲ್ಲೂ 6 ಇಂಚಿನ ಪುಸ್ತಕದಲ್ಲೂ ಬರುತ್ತದೆ. ಎ6 (105 × 148 ಮಿ.ಮೀ.) ಕಾರ್ಡಿಗೆ 6 ಇಂಚಿನದ್ದೇ ಸರಿ: ಅದರಲ್ಲಿ ಚಿತ್ರಗಳೂ ಚಿಕ್ಕವಾಗಿರುತ್ತವೆ, ಕತ್ತರಿಸಿದಾಗ ಹೂವು ಅರ್ಧಕ್ಕೆ ತುಂಡಾಗುವುದಿಲ್ಲ. ಒಂದೊಂದು ಚಿತ್ರವೂ 4 ಸೆಂ.ಮೀ. ಮೀರಿದ ಕಾಗದವನ್ನು ಈ ಅಳತೆಗೆ ಬಿಟ್ಟುಬಿಡಿ. ಉಡುಗೊರೆ ಸುತ್ತುವ ಕಾಗದ ಸ್ಟೇಷನರಿ ಅಂಗಡಿಗಳಲ್ಲೆಲ್ಲ ಸಿಗುತ್ತದೆ, ಬಣ್ಣವೂ ಇರುತ್ತದೆ; ತೆಳುವಾದ್ದರಿಂದ ನೀರಿನ ಅಂಟು ತಾಗಿದರೆ ಸುಕ್ಕುಗಟ್ಟುತ್ತದೆ, ಎರಡು ಬದಿ ಅಂಟುವ ಟೇಪಿನಿಂದಲೇ ಹಚ್ಚಬೇಕು.

ನಿಮ್ಮಲ್ಲಿ ಸ್ಟ್ಯಾಂಪ್ ಇದ್ದೇ ಇದ್ದರೆ ಹಿನ್ನೆಲೆಯನ್ನು ಒತ್ತಿಕೊಳ್ಳುವುದೇ ಚಂದ. ರಂಗೋಲಿಯ ಚುಕ್ಕಿ ಇಟ್ಟಂತೆ 2 ಸೆಂ.ಮೀ. ಅಂತರದಲ್ಲಿ ಪೆನ್ಸಿಲ್ ಗುರುತು ಮಾಡಿ, ಒಂದು ಸಾಲು ಬಿಟ್ಟು ಒಂದು ಸಾಲನ್ನು ಅರ್ಧ ಅಂತರ ಸರಿಸಿ ಸಣ್ಣ ಎಲೆಯನ್ನೋ ಹೂವನ್ನೋ ತಿಳಿ ಬಣ್ಣದಲ್ಲಿ ಒತ್ತಿದರೆ ಕಾಗದ ತುಂಬುತ್ತದೆ. ಅಂಚಿನಾಚೆಗೂ ಅರ್ಧ ಮುದ್ರೆ ಹೋಗಲಿ. ಐದಾರು ಕಾರ್ಡಿಗೆ ಇದು ಸುಖದ ಕೆಲಸ. ಮದುವೆಗೆಂದು 100 ಮಾಡುವವರು ಮಾತ್ರ ಕಾಗದ ಕೊಂಡೇ ಮಾಡಿ.

ಚಿತ್ತಾರದ ಮೇಲೆ ನೇರವಾಗಿ ಹಾರೈಕೆ ಒತ್ತಬೇಡಿ, ಓದಲಾಗುವುದಿಲ್ಲ. ಎ6 ಕಾರ್ಡಿಗೆ 99 × 142 ಮಿ.ಮೀ. ಚಿತ್ತಾರ ಅಂಟಿಸಿದರೆ ಸುತ್ತ 3 ಮಿ.ಮೀ. ತಳ ಕಾಣುತ್ತದೆ, ಅದರ ಮೇಲೆ ಸುಮಾರು 70 × 100ರ ಬಿಳಿ ತುಂಡು, ಮುದ್ರೆ ಅದಕ್ಕೆ. ಬಿಳಿ ತುಂಡಿಗೆ ಮೊದಲೇ ಒತ್ತಿಟ್ಟು, ಚೆನ್ನಾಗಿ ಬಂದದ್ದನ್ನಷ್ಟೇ ಅಂಟಿಸಬಹುದಾದ್ದರಿಂದ ಕಾರ್ಡು ಕೆಡುವ ಭಯವೂ ಇಲ್ಲ. ಈ ಒಂದು ಕಾರಣಕ್ಕೇ ಹೊಸಬರು ಪದರದ ಕಾರ್ಡನ್ನೇ ಆಯ್ದುಕೊಳ್ಳಬೇಕು.

ಪದರ ಅಂಟಿಸುವಾಗಲೂ ನಾರಿನ ದಿಕ್ಕು ನೋಡಬೇಕು. ಪಸೆ ತಾಗಿದ ಕಾಗದ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ. ತಳದ ನಾರು ಉದ್ದಕ್ಕೆ, ಮೇಲಿನದ್ದು ಅಡ್ಡಕ್ಕೆ ಇದ್ದರೆ ಎರಡೂ ಬೇರೆ ಬೇರೆ ಕಡೆ ಎಳೆದು ಕಾರ್ಡು ಸುರುಟುತ್ತದೆ. ಎರಡರದ್ದೂ ಒಂದೇ ದಿಕ್ಕಿಗಿರಲಿ. ಫೆವಿಕಾಲ್ ಬಳಸುವುದಾದರೆ ಬ್ರಶ್ಶಿನಿಂದ ತೆಳ್ಳಗೆ ಎಳೆದು, ದಪ್ಪ ಪುಸ್ತಕಗಳ ಕೆಳಗೆ ರಾತ್ರಿ ಇಡಿ. ಮೈದಾದ ಗೋಂದು ಬೇಡ, ಜಿರಳೆ ಬರುತ್ತದೆ.

ಎಂಬೋಸಿಂಗ್ ಬೇಕೇ

ಮಳೆಗಾಲದಲ್ಲೂ ಒಣಗುವ ಚಿಂತೆಯಿಲ್ಲದೆ ಚಿನ್ನದ ಅಕ್ಷರ ಬೇಕಾದವರಿಗೆ ಬೇಕು. ವರ್ಸಾಮಾರ್ಕ್‌ನಂಥ ಬಣ್ಣವಿಲ್ಲದ ಶಾಯಿ ಅಥವಾ ಪಿಗ್ಮೆಂಟಿನಲ್ಲಿ ಒತ್ತಿ, ಚಂಡಿ ಇರುವಾಗಲೇ ಪುಡಿ ಸುರಿದು, ಉಳಿದದ್ದನ್ನು ಬೇರೆ ಕಾಗದಕ್ಕೆ ಕೊಡವಿ, ಹೀಟ್ ಗನ್ನಿನಿಂದ ಕಾಯಿಸುವುದು ಕ್ರಮ. ತಲೆಗೂದಲು ಒಣಗಿಸುವ ಡ್ರೈಯರ್ ಇದಕ್ಕಾಗುವುದಿಲ್ಲ: ಬಿಸಿ ಸಾಲದು, ಗಾಳಿ ಮಾತ್ರ ಹೆಚ್ಚಾಗಿ ಪುಡಿ ಹಾರುತ್ತದೆ. ಗನ್ನನ್ನು ಬದಿಗೆ ಹಿಡಿದು ಹತ್ತು ಸೆಕೆಂಡು ಕಾಯಲು ಬಿಟ್ಟು, ಮೇಲೆ 4–5 ಸೆಂ.ಮೀ. ದೂರದಿಂದ ಅಲ್ಲಾಡಿಸುತ್ತ ತನ್ನಿ. ಪುಡಿ ಕರಗಿ ಮಿನುಗಿದ ಕ್ಷಣ ಮುಂದಕ್ಕೆ ಸರಿಸಿ. ಹೆಚ್ಚಾದರೆ ಅದು ಕಾಗದದೊಳಗೆ ಇಂಗಿ ಎಣ್ಣೆಕಲೆಯಾಗುತ್ತದೆ.

ಇಲ್ಲಿಯ ಹವೆಯಲ್ಲಿ ಪುಡಿ ಬೇಡದ ಕಡೆಗೂ ಅಂಟುತ್ತದೆ, ಕಾಗದದ ಪಸೆ ಮತ್ತು ಅಂಗೈ ಬೆವರಿನಿಂದ. ಒಂದು ಚಮಚ ಕಾರ್ನ್‌ಫ್ಲೋರನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಒತ್ತುವ ಮೊದಲು ಕಾಗದದ ಮೇಲೆ ಹಗುರ ಒರಸಿ. ಹಾಗೂ ಅಂಟಿದ ಕಣಗಳನ್ನು ಕಾಯಿಸುವ ಮೊದಲೇ ಒಣ ಸಣ್ಣ ಬ್ರಶ್ಶಿನಿಂದ ತೆಗೆಯಿರಿ. ಕನ್ನಡ ಅಕ್ಷರಕ್ಕೆ ಡಿಟೇಲ್ ಎಂದು ಬರೆದಿರುವ ನುಣ್ಣನೆಯ ಪುಡಿಯನ್ನೇ ಕೊಳ್ಳಿ.

ಮದುವೆಯ ಕರೆಯೋಲೆಗೆ ಮೂಲೆಯಲ್ಲಿ ಅರಶಿನ ಹಚ್ಚುವ ಮನೆಗಳಲ್ಲಿ ಈ ಎಂಬೋಸಿಂಗ್ ಇನ್ನೊಂದು ರೀತಿಯಲ್ಲೂ ಉಪಕಾರ. ಕಲಸಿದ ಅರಶಿನದ ನೀರು ತಾಗಿದರೆ ಡೈ ಶಾಯಿ ಹರಡುತ್ತದೆ. ಕರಗಿ ಗಟ್ಟಿಯಾದ ಪುಡಿಗೆ ಏನೂ ಆಗುವುದಿಲ್ಲ. ಹೇಗಿದ್ದರೂ ಮೂಲೆಯಿಂದ 2 ಸೆಂ.ಮೀ. ಒಳಗೆ ಮುದ್ರೆ ಬಾರದಿರಲಿ.

ಅಂಚೆಗೆ ಮುನ್ನ

ಸಾದಾ ಅಂಚೆಯ ಮೊದಲ ಹಂತ 20 ಗ್ರಾಂ. 300 ಜಿಎಸ್‌ಎಂ ಎ5 ತುಂಡು ಮಡಿಸಿದ ಕಾರ್ಡು 9.4 ಗ್ರಾಂ ತೂಗುತ್ತದೆ, 160 ಜಿಎಸ್‌ಎಂ ಚಿತ್ತಾರ 2.2, ಬಿಳಿ ತುಂಡು 1.8, ಕವರು ಸುಮಾರು 4.5. ಅಲ್ಲಿಗೆ ಸುಮಾರು 18 ಗ್ರಾಂ. ಅದರ ಮೇಲೆ ಫೋಮ್ ಟೇಪು, ಗುಂಡಿ, ಮಣಿ ಸೇರಿದರೆ ಮುಂದಿನ ಹಂತದ ಅಂಚೆಚೀಟಿ ಬೇಕಾಗುತ್ತದೆ. ತಳವನ್ನು 250 ಜಿಎಸ್‌ಎಂಗೆ ಇಳಿಸಿದರೆ ಒಂದೂವರೆ ಗ್ರಾಂ ಉಳಿಯುತ್ತದೆ. ಉಬ್ಬಿದ ಅಲಂಕಾರ ಮೊಹರು ಬೀಳುವಾಗ ಜಜ್ಜಿಹೋಗುವುದೂ ಉಂಟು. ಅಂಥ ಕಾರ್ಡನ್ನು ಕೈಯಲ್ಲೇ ಕೊಡಿ, ಅಂಚೆಗೆ ಚಪ್ಪಟೆಯದ್ದನ್ನೇ ಆಯ್ದುಕೊಳ್ಳಿ. ಎ6 ಕಾರ್ಡಿಗೆ 114 × 162 ಮಿ.ಮೀ.ನ ಸಿ6 ಕವರು ಸರಿಯಾಗುತ್ತದೆ. ಹೊರಗಿನ ವಿಳಾಸವನ್ನು ಜೆಲ್ ಪೆನ್ನಿನಲ್ಲಿ ಬರೆಯಬೇಡಿ, ಅದರ ಶಾಯಿ ಹೆಚ್ಚಾಗಿ ನೀರಿನದ್ದು. ಬಾಲ್ ಪೆನ್ ಮಳೆಗೆ ತಡೆಯುತ್ತದೆ.

ಉಳಿದ ಕಾಗದ, ಕವರುಗಳನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಬಣ್ಣ ಬದಲಾಗುವ ಜೆಲ್ ಕೊಂಡರೆ ಅದು ಪಸೆ ಹೀರಿ ತುಂಬಿದ್ದು ನೋಡಿದ ಕೂಡಲೇ ತಿಳಿಯುತ್ತದೆ. ಗೋಂದು ಹಚ್ಚಿದ ಕವರುಗಳು ಜೂನ್ ಕಳೆಯುವುದರೊಳಗೆ ತಾವಾಗಿ ಅಂಟಿಕೊಳ್ಳುತ್ತವೆ. ಒಂದೊಂದರ ಮುಚ್ಚಳದ ಕೆಳಗೂ ಬಟರ್ ಪೇಪರಿನ ಪಟ್ಟಿ ಸಿಕ್ಕಿಸಿಟ್ಟರೆ ಚೌತಿಯ ಹೊತ್ತಿಗೂ ಬಿಡಿಬಿಡಿಯಾಗಿ ಇರುತ್ತವೆ.